ಪಟಾನ್‌ಚೆರುವಿನ ತಾರಸಿಯಿಂದ ಸೂರ್ಯನ ಲೆಕ್ಕ

ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನಲ್ಲಿ ಸೂರ್ಯನನ್ನು ಚೆನ್ನಾಗಿ ನೋಡಬೇಕೆಂದರೆ ಬೆಳಗ್ಗೆ ಎಂಟು ಗಂಟೆಯ ಆಸುಪಾಸಿಗೆ ತಾರಸಿ ಹತ್ತಬೇಕು. ಅದಕ್ಕೂ ಮುಂಚೆ ದಿಗಂತದ ಹೊಗೆ, ಮಬ್ಬು ಅಡ್ಡ ಬರುತ್ತವೆ. ಒಂಬತ್ತೂವರೆ ದಾಟಿತೆಂದರೆ ಕಾಂಕ್ರೀಟು, ಕಾರ್ಖಾನೆಗಳ ತಗಡಿನ ಚಾವಣಿ, ಮುಂಬೈ ಹೆದ್ದಾರಿಯ ಡಾಂಬರು ಎಲ್ಲವೂ ಕಾದು, ಮೇಲೇಳುವ ಬಿಸಿಗಾಳಿಗೆ ಸೂರ್ಯಬಿಂಬದ ಅಂಚು ಕುದಿಯತೊಡಗುತ್ತದೆ. ಆಗ ಸಣ್ಣ ಕಲೆಗಳು ಕಂಡಂತೆ ಮಾಡಿ ಮಾಯವಾಗುತ್ತವೆ. ಹವ್ಯಾಸಿ ಸೌರವೀಕ್ಷಕರಿಗೆ ಕೆಲಸದ ಹೊತ್ತೆಂದರೆ ನಡುವಿನ ಆ ಒಂದೂವರೆ ಗಂಟೆ. ಕೈಗಾರಿಕಾ ಪ್ರದೇಶದ ದೀಪಗಳು, ಔಟರ್ ರಿಂಗ್ ರೋಡಿನ ಬೆಳಕು ಸೇರಿ ಇಲ್ಲಿನ ರಾತ್ರಿಯ ಆಕಾಶವನ್ನು ಬಹುಪಾಲು ನುಂಗಿಬಿಟ್ಟಿವೆ. ದೂರದರ್ಶಕ ಇಟ್ಟುಕೊಂಡವರು ನಕ್ಷತ್ರ ನೋಡಲು ಊರು ಬಿಟ್ಟು ಹೋಗಬೇಕು. ಸೂರ್ಯನನ್ನು ನೋಡಲು ಮಾತ್ರ ಎಲ್ಲಿಗೂ ಹೋಗಬೇಕಿಲ್ಲ.

ಈ ಊರು ಕನ್ನಡಿಗರಿಗೆ ಹೊಸದಲ್ಲ. ಬೀದರ್, ಹುಮನಾಬಾದ್ ಕಡೆಯಿಂದ ಕೆಲಸಕ್ಕೆ ಬಂದು ನೆಲೆನಿಂತವರ ಮಾತು ಪಕ್ಕಕ್ಕಿರಲಿ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ನೆಲೆವೀಡಾಗಿದ್ದ ಪೊಟ್ಟಳಕೆರೆ ಇದೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಆ ಕಾಲದ ಕನ್ನಡ ಶಾಸನಗಳಲ್ಲಿ ಸೂರ್ಯಗ್ರಹಣದ ದಿನ ದಾನ ಕೊಟ್ಟ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಗಣೇಶ ಅವರು ಇಂಥ ಶಾಸನಗಳನ್ನು ಜಾಲಾಡಿ ಆಕಾಶದ ಘಟನೆಗಳನ್ನು ಹೆಕ್ಕಿ ತೆಗೆದಿದ್ದಾರೆ. ಗ್ರಹಣ ಎಲ್ಲರ ಕಣ್ಣಿಗೂ ಬೀಳುವಂಥದ್ದು. ಬಿಂಬದ ಮೇಲಿನ ಕಲೆ ಹಾಗಲ್ಲ. ಆದರೂ ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಸೂರ್ಯಬಿಂಬದ ಮೇಲೆ ಕಾಣುವ ಕಪ್ಪು ಗುರುತುಗಳನ್ನು ತಾಮಸಕೀಲಕಗಳೆಂದು ಕರೆದು, ಕಾಗೆ, ಮುಂಡ, ಆಯುಧ ಎಂದು ಅವುಗಳ ಆಕಾರವನ್ನೂ ಹೇಳಿದ್ದಾನೆ. ಅವನು ಹುಡುಕಿದ್ದು ಶಕುನವನ್ನು. ಆದರೆ ಆಕಾರ ಹೇಳುವಷ್ಟು ಗಮನವಿಟ್ಟು ಯಾರೋ ನೋಡಿದ್ದರು ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಹೈದರಾಬಾದಿನ ಖಗೋಳವೀಕ್ಷಣೆ ಶುರುವಾದದ್ದೇ ಹವ್ಯಾಸದಿಂದ. ನವಾಬ್ ಜಫರ್ ಜಂಗ್ ಎಂಬ ಶ್ರೀಮಂತರು ಇಂಗ್ಲೆಂಡಿನಿಂದ 15 ಅಂಗುಲದ ದೂರದರ್ಶಕ ತರಿಸಿ, 1901ರಲ್ಲಿ ಫಿಸಲ್‌ಬಂಡಾದ ತಮ್ಮ ಆವರಣದಲ್ಲಿ ವೀಕ್ಷಣಾಲಯ ಕಟ್ಟಿಕೊಂಡರು. ಅವರ ನಂತರ ಅದನ್ನು ನಿಜಾಮ ಸರ್ಕಾರ ವಹಿಸಿಕೊಂಡಿತು. ಬೇಗಂಪೇಟೆಯ ನಿಜಾಮಿಯಾ ವೀಕ್ಷಣಾಲಯವಾಗಿ ಬೆಳೆದದ್ದು ಅದೇ. ಅಲ್ಲಿ ಕೆಲಸಕ್ಕಿದ್ದವರೊಬ್ಬರ ಮಗ ಅಪ್ಪನ ಜೊತೆ ಆಕಾಶ ನೋಡುತ್ತ ಬೆಳೆದು, ನಿಜಾಂ ಕಾಲೇಜಿನಲ್ಲಿ ಓದುವಾಗಲೇ ಮಿಡಿಯುವ ತಾರೆಗಳ ಬಗ್ಗೆ ಬರೆದು ಪ್ರಕಟಿಸುತ್ತಿದ್ದರು. ಅವರೇ ವೇಣು ಬಾಪ್ಪು. ಮುಂದೆ 1960ರಲ್ಲಿ ಕೊಡೈಕನಾಲ್ ಸೌರ ವೀಕ್ಷಣಾಲಯದ ನಿರ್ದೇಶಕರಾದರು, 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದರು. ಇವತ್ತು ಬೆಂಗಳೂರಿನ ಕೋರಮಂಗಲದಲ್ಲಿರುವ ಆ ಸಂಸ್ಥೆಯ ಕೈಯಲ್ಲೇ ಕೊಡೈಕನಾಲ್ ಇದೆ. 1904ರಿಂದ ಅಲ್ಲಿ ಸೂರ್ಯನ ಫೋಟೋ ತೆಗೆದಿಡುವ ಪದ್ಧತಿ ನಡೆದುಬಂದಿದೆ. ನೂರು ವರ್ಷ ದಾಟಿದ ಆ ಸರಣಿಗೆ ಜಗತ್ತಿನಲ್ಲಿ ಸರಿಸಾಟಿಯಾದವು ಕೆಲವೇ ಕೆಲವು.

ಹವ್ಯಾಸಿಗಳ ಕೆಲಸಕ್ಕೆ ಬರುತ್ತೇನೆ. ಅದರಲ್ಲಿ ಎರಡು ಕವಲು: ಸೌರಕಲೆಗಳನ್ನು ಎಣಿಸುವುದು ಒಂದು, ಸೌರಜ್ವಾಲೆಗಳನ್ನು ಹಿಡಿಯುವುದು ಇನ್ನೊಂದು. ಮೊದಲನೆಯದಕ್ಕೆ 60ರಿಂದ 80 ಮಿಲಿಮೀಟರ್ ಮಸೂರದ ಪುಟ್ಟ ದೂರದರ್ಶಕ ಸಾಕು. ದೂರದರ್ಶಕದಲ್ಲಿ ಕಣ್ಣಿಟ್ಟು ಸೂರ್ಯನನ್ನು ನೇರ ನೋಡಿದರೆ ಒಂದೇ ಗಳಿಗೆಯಲ್ಲಿ ದೃಷ್ಟಿ ಹೋಗುತ್ತದೆ. ಗ್ರಹಣದ ದಿನ ನಮ್ಮ ಊರುಗಳಲ್ಲಿ ಹೊರಬರುವ ಎಕ್ಸ್-ರೇ ಫಿಲ್ಮು, ಮಸಿ ಹಿಡಿದ ಗಾಜು ಇವನ್ನೆಲ್ಲ ಹತ್ತಿರ ತರಲೇಬಾರದು. ಹಳೆಯ ದೂರದರ್ಶಕಗಳ ಜೊತೆ ಕೊಡುತ್ತಿದ್ದ, ಕಣ್ಣಿಡುವ ತುದಿಯ ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜು ಇನ್ನೂ ಅಪಾಯಕಾರಿ. ನಾವು ನೋಡುತ್ತಿರುವಾಗಲೇ ಅದು ಬಿಸಿಗೆ ಸೀಳಬಹುದು. ಸರಿಯಾದ ಸುಲಭ ದಾರಿ ಎರಡು. ದೂರದರ್ಶಕದ ಮುಂಬಾಯಿಗೆ, ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುವ ಸೌರಫಿಲ್ಮನ್ನು ಭದ್ರವಾಗಿ ಕಟ್ಟುವುದು ಒಂದು ದಾರಿ. ಕಣ್ಣನ್ನು ದೂರವಿಟ್ಟು, ಐಪೀಸಿನಿಂದ ಹೊರಬರುವ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸುವುದು ಇನ್ನೊಂದು. ನನಗೆ ಎರಡನೆಯದೇ ಇಷ್ಟ. ನಾಲ್ಕು ಜನ ಸುತ್ತ ನಿಂತು ಒಟ್ಟಿಗೆ ನೋಡಬಹುದು, ಬಿಂಬದ ಮೇಲೆಯೇ ಪೆನ್ಸಿಲು ಆಡಿಸಬಹುದು.

ಕಾಗದದ ಮೇಲೆ ಮೊದಲೇ 15 ಸೆಂಟಿಮೀಟರ್ ವ್ಯಾಸದ ವೃತ್ತ ಬರೆದಿಟ್ಟಿರುತ್ತಾರೆ. ಕಾಗದವನ್ನು ಹಿಂದೆ ಮುಂದೆ ಸರಿಸಿ ಬಿಂಬ ಆ ವೃತ್ತದಲ್ಲಿ ಸರಿಯಾಗಿ ಕೂರುವಂತೆ ಮಾಡಬೇಕು. ಸುತ್ತಲೂ ರಟ್ಟಿನ ನೆರಳು ಬೇಕು, ಇಲ್ಲದಿದ್ದರೆ ಪಟಾನ್‌ಚೆರುವಿನ ಬಿಸಿಲಿಗೆ ಕಾಗದವೇ ಕಣ್ಣು ಕುಕ್ಕುತ್ತದೆ. ಜೊತೆಗಿರುವ ಫೈಂಡರ್ ದೂರದರ್ಶಕಕ್ಕೆ ಮುಚ್ಚಳ ಹಾಕಿರಬೇಕು. ಮಸೂರಗಳನ್ನು ಅಂಟು ಹಾಕಿ ಜೋಡಿಸಿದ ಬೆಲೆಬಾಳುವ ಐಪೀಸು ಈ ಕೆಲಸಕ್ಕೆ ಬೇಡ, ಅಂಟು ಬಿಸಿಗೆ ಹಾಳಾಗುತ್ತದೆ. ಹಳೆಯ ಮಾದರಿಯ, ಅಗ್ಗದ ಹೈಗನ್ಸ್ ಐಪೀಸೇ ಇಲ್ಲಿ ಮೇಲು. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ ಸೂರ್ಯನ ಮೇಲೆ ಸುಮಾರು 9,300 ಕಿಲೋಮೀಟರ್. ನಮ್ಮ ಭೂಮಿ ಅಲ್ಲಿ ಕೂತರೆ ಒಂದೂವರೆ ಮಿಲಿಮೀಟರಿಗೂ ಕಡಿಮೆ ಅಗಲದ ಚುಕ್ಕೆ.

ಮೊದಲ ಸಲ ನೋಡಿದವರು ಹೆಚ್ಚುಕಡಿಮೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. ಹುಮನಾಬಾದ್ ಕಡೆಯ ಹಿರಿಯರೊಬ್ಬರು ಕಾಗದದ ಹತ್ತಿರ ಬಗ್ಗಿ ನೋಡಿ, “ಇದು ಧೂಳಲ್ಲೇನ್ರಿ?” ಎಂದಿದ್ದರು. ಅತ್ಯಂತ ಸರಿಯಾದ ಪ್ರಶ್ನೆ ಅದು. ಕಾಗದವನ್ನು ಸ್ವಲ್ಪ ಅಲುಗಿಸಿ: ಕಾಗದದ ಮೇಲಿನ ಧೂಳು ಕಾಗದದ ಜೊತೆ ಹೋಗುತ್ತದೆ. ಐಪೀಸನ್ನು ತಿರುಗಿಸಿ: ಗಾಜಿನ ಮೇಲಿನ ಧೂಳು ಗಾಜಿನ ಜೊತೆ ಸುತ್ತುತ್ತದೆ. ಎರಡಕ್ಕೂ ಜಗ್ಗದೆ ಬಿಂಬದ ಜೊತೆಯಲ್ಲೇ ತೇಲುವ ಕಪ್ಪು ಮಾತ್ರ ಸೂರ್ಯನದು. ಸುಮ್ಮನೆ ಕಾಗದ ಅಲುಗಿಸುವುದರಿಂದ ಮತ್ತೊಂದು ಲಾಭವೂ ಇದೆ. ಕಾಗದದ ನಾರು, ಕಲೆಗಳೆಲ್ಲ ಅಲುಗಾಟದಲ್ಲಿ ಕರಗಿ, ನಿಂತ ಕಾಗದದಲ್ಲಿ ತಪ್ಪಿಹೋಗಿದ್ದ ಸೂಜಿಮೊನೆಯಷ್ಟರ ಸೌರಕಲೆ ತಟ್ಟನೆ ಎದ್ದು ಕಾಣುತ್ತದೆ.

ನಂತರ ದಿಕ್ಕು. ಚಿತ್ರ ಎಷ್ಟೇ ಚೆಂದವಿದ್ದರೂ ದಿಕ್ಕು ಗೊತ್ತಿಲ್ಲದಿದ್ದರೆ ಪ್ರಯೋಜನವಿಲ್ಲ. ದೂರದರ್ಶಕವನ್ನು ಮುಟ್ಟದೆ ಬಿಟ್ಟರೆ ಭೂಮಿ ತಿರುಗುವುದರಿಂದ ಬಿಂಬ ಕಾಗದದ ಮೇಲೆ ಸರಿಯುತ್ತ ಹೋಗುತ್ತದೆ, ಸರಿಯುವ ಕಡೆಯೇ ಪಶ್ಚಿಮ. ಒಂದು ಕಲೆಯ ಜಾಡನ್ನು ಪೆನ್ಸಿಲಿನಿಂದ ಹಿಂಬಾಲಿಸಿದರೆ ಪೂರ್ವ–ಪಶ್ಚಿಮ ಗೆರೆ ಸಿಕ್ಕಿತು. ಆದರೆ ಅದು ನಮ್ಮ ಆಕಾಶದ ಪೂರ್ವ–ಪಶ್ಚಿಮ. ಸೂರ್ಯನ ಅಕ್ಷ ನಮಗೆ ಓರೆಯಾಗಿ ಕಾಣುತ್ತದೆ, ಆ ಓರೆ ವರ್ಷದುದ್ದಕ್ಕೂ ಬದಲಾಗುತ್ತದೆ. ಏಪ್ರಿಲ್ ಮೊದಲ ವಾರದಲ್ಲಿ ಪಶ್ಚಿಮಕ್ಕೆ 26 ಡಿಗ್ರಿ, ಅಕ್ಟೋಬರ್ ಎರಡನೆಯ ವಾರದಲ್ಲಿ ಪೂರ್ವಕ್ಕೆ ಅಷ್ಟೇ. ಪಂಚಾಂಗದಂಥ ಕೋಷ್ಟಕಗಳಲ್ಲಿ ಆ ದಿನದ ಕೋನ ನೋಡಿ ಚಿತ್ರವನ್ನು ತಿರುಗಿಸಿಕೊಂಡ ಮೇಲಷ್ಟೇ ಕಲೆ ಯಾವ ಅಕ್ಷಾಂಶದಲ್ಲಿದೆ ಎಂದು ಹೇಳಲು ಬರುತ್ತದೆ.

ಎಣಿಕೆಯ ಸೂತ್ರ ಹಾಕಿಕೊಟ್ಟವರು ಸ್ವಿಟ್ಜರ್ಲೆಂಡಿನ ರುಡಾಲ್ಫ್ ವುಲ್ಫ್, 1848ರಲ್ಲಿ. ಕಲೆಗಳು ಒಂಟಿಯಾಗಿ ಬರುವುದು ಕಡಿಮೆ, ಗುಂಪಾಗಿ ಬರುತ್ತವೆ. ಗುಂಪುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಅದಕ್ಕೆ ಬಿಡಿ ಕಲೆಗಳ ಸಂಖ್ಯೆ ಕೂಡಬೇಕು. ಮೂರು ಗುಂಪು, ಒಟ್ಟು ಹನ್ನೆರಡು ಕಲೆ ಇದ್ದರೆ ಅಂದಿನ ಸಂಖ್ಯೆ 42. ಇಡೀ ಬಿಂಬದಲ್ಲಿ ಒಂದೇ ಒಂದು ಕಲೆ ಇದ್ದರೂ ಅದೊಂದು ಗುಂಪು, ಹಾಗಾಗಿ ಲೆಕ್ಕ 11. ಕೇಳಲು ವಿಚಿತ್ರವಾದರೂ ಇದರಲ್ಲಿ ವಿವೇಕವಿದೆ. ಹೊಸ ಗುಂಪು ಹುಟ್ಟಿತೆಂದರೆ ಸೂರ್ಯನೊಳಗಿನ ಕಾಂತಕ್ಷೇತ್ರದ ಹೊಸ ಕಟ್ಟೊಂದು ಮೇಲೆದ್ದಿದೆ ಎಂದರ್ಥ. ಕಲೆಗಳಲ್ಲಿ ಪ್ರಬಲ ಕಾಂತಕ್ಷೇತ್ರ ಇದೆಯೆಂದು ಜಾರ್ಜ್ ಎಲರಿ ಹೇಲ್ ತೋರಿಸಿದ್ದು 1908ರಲ್ಲಿ. ಆ ಕ್ಷೇತ್ರ ಒಳಗಿನ ಬಿಸಿ ಮೇಲೆ ಬರದಂತೆ ತಡೆಯುತ್ತದೆ. ಸುತ್ತಲಿನ ಮೇಲ್ಮೈ 5,800 ಕೆಲ್ವಿನ್ ಇದ್ದರೆ ಕಲೆಯ ನಡುಭಾಗ ಸುಮಾರು 4,000. ಅದೂ ಉರಿಯುವ ಬೆಳಕೇ. ಸುತ್ತಲಿನ ಪ್ರಖರತೆಯ ಎದುರು ಕಪ್ಪಾಗಿ ಕಾಣುತ್ತದೆ, ಅಷ್ಟೆ.

ಗುಂಪು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ತೀರ್ಮಾನಿಸುವುದೇ ಈ ಕೆಲಸದ ನಿಜವಾದ ಕಷ್ಟ. ಹತ್ತಿರ ಹತ್ತಿರದ ಎರಡು ಕಲೆಗಳು ಒಂದೇ ಸಂಸಾರದವೋ, ಅಕ್ಕಪಕ್ಕದ ಮನೆಯವೋ? ನಿನ್ನೆ ಮೊನ್ನೆಯ ಚಿತ್ರಗಳನ್ನು ತಿರುವಿ, ಅವು ಹುಟ್ಟಿದ್ದು ಹೇಗೆಂದು ನೋಡಬೇಕಾಗುತ್ತದೆ. ಪೂರ್ವದ ಅಂಚಿನಲ್ಲಿ ಹೊಸದಾಗಿ ಬಂದ ಗುಂಪಾದರೆ ನಿನ್ನೆಯ ಚಿತ್ರವೇ ಇಲ್ಲ. ಅಂಚಿನಲ್ಲಿ ಎಲ್ಲವೂ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡು ಕಾಣುತ್ತವೆ, ಎರಡು ದಿನ ಕಾದರೆ ಬಿಡಿಸಿಕೊಳ್ಳುತ್ತವೆ. ಆದರೆ ಕಾದು ನೋಡಿ ಇವತ್ತಿನ ಲೆಕ್ಕವನ್ನು ತಿದ್ದುವ ಹಾಗಿಲ್ಲ. ಇವತ್ತು ಕಂಡದ್ದು ಇವತ್ತಿನ ಲೆಕ್ಕ. ಬಾಹ್ಯಾಕಾಶ ನೌಕೆಯ ಚಿತ್ರಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಎಣಿಸಿ ಮುಗಿಯುವ ತನಕ ಅವನ್ನು ತೆರೆಯದಿರುವುದು ಹವ್ಯಾಸಿಗಳು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು. ಅಲ್ಲಿ ಕಂಡ ಸಣ್ಣ ಕಲೆ ನನ್ನ ಕಾಗದದಲ್ಲಿ ಕಾಣದಿದ್ದರೆ ಅದು ನನ್ನ ಲೆಕ್ಕಕ್ಕೆ ಸೇರದು.

ದೊಡ್ಡ ದೂರದರ್ಶಕದವರಿಗೆ ಹೆಚ್ಚು ಕಲೆ, ಸಣ್ಣದಿರುವವರಿಗೆ ಕಡಿಮೆ ಕಂಡರೆ ಲೆಕ್ಕ ಸರಿಹೋಗುವುದು ಹೇಗೆ? ಅದಕ್ಕೆಂದೇ ವುಲ್ಫ್ ಸೂತ್ರದಲ್ಲಿ ಕೆ ಎಂಬ ಗುಣಕವಿದೆ. ಒಬ್ಬ ವೀಕ್ಷಕರ ಎಷ್ಟೋ ದಿನಗಳ ಎಣಿಕೆಯನ್ನು ಇತರರ ಎಣಿಕೆಯ ಜೊತೆ ಹೋಲಿಸಿ ಅವರಿಗೆ ತಕ್ಕ ಕೆ ನಿಗದಿಪಡಿಸುತ್ತಾರೆ. ಕಡಿಮೆ ಎಣಿಸುವುದು ದೋಷವಲ್ಲ, ಒಂದೇ ಸಮನಾಗಿ ಕಡಿಮೆ ಎಣಿಸಿದರೆ ಸಾಕು. ಒಂದು ದಿನ ಹುಮ್ಮಸ್ಸಿನಲ್ಲಿ ಹೆಚ್ಚು ವರ್ಧನೆ, ಮರುದಿನ ಉದಾಸೀನ ಎಂದಾದರೆ ಯಾವ ಗುಣಕವೂ ಕೈಹಿಡಿಯದು. ಅದೇ ದೂರದರ್ಶಕ, ಅದೇ ಐಪೀಸು, ಅದೇ ಹೊತ್ತು, ಅದೇ ಕಣ್ಣು. ದುಬಾರಿ ಉಪಕರಣಕ್ಕಿಂತ ಈ ಒಂದೇತನಕ್ಕೆ ಬೆಲೆ ಹೆಚ್ಚಿರುವ ವಿಜ್ಞಾನ ಬೇರೊಂದಿದೆಯೋ ನನಗೆ ತಿಳಿಯದು.

ಸೌರಚಕ್ರ ಪತ್ತೆಯಾದದ್ದು ಇಂಥದೇ ಕೆಲಸದಿಂದ. ಜರ್ಮನಿಯ ಡೆಸಾವ್ ಊರಿನ ಸ್ಯಾಮ್ಯುಯೆಲ್ ಹೈನ್ರಿಕ್ ಶ್ವಾಬೆ ಔಷಧ ಅಂಗಡಿಯವರು. ಪಟಾನ್‌ಚೆರು ಔಷಧ ಕಾರ್ಖಾನೆಗಳ ಊರಾದ್ದರಿಂದ ಇಲ್ಲಿ ಅವರ ಕಥೆ ಹೇಳಿದಾಗೆಲ್ಲ ಕೇಳುಗರ ಮುಖ ಅರಳುತ್ತದೆ. 1826ರಿಂದ ಅವರು ಮೋಡವಿಲ್ಲದ ದಿನಗಳಲ್ಲೆಲ್ಲ ಸೂರ್ಯನನ್ನು ನೋಡಿದರು. ಹುಡುಕುತ್ತಿದ್ದದ್ದು ಬುಧನಿಗಿಂತ ಒಳಗೆ ಇರಬಹುದಾದ ಗ್ರಹವನ್ನು. ಅದು ಸಿಗಲಿಲ್ಲ, ಅಂಥ ಗ್ರಹ ಇರಲೇ ಇಲ್ಲ. ಆದರೆ ಗ್ರಹವೆಂದು ಮೋಸಹೋಗದಿರಲು ಬರೆದಿಟ್ಟುಕೊಂಡ ಕಲೆಗಳ ಲೆಕ್ಕ ಸುಮಾರು ಹತ್ತು ವರ್ಷಗಳಿಗೊಮ್ಮೆ ಏರಿಳಿಯುವುದನ್ನು ಅವರು 1840ರ ದಶಕದಲ್ಲಿ ಕಂಡುಕೊಂಡರು. ಈಗ ನಾವು ಸರಾಸರಿ 11 ವರ್ಷ ಎನ್ನುವ ಚಕ್ರ ಅದು. ಜಪಾನಿನ ಹಿಸಾಕೊ ಕೊಯಾಮಾ ಇನ್ನೊಬ್ಬರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪುಟ್ಟ ದೂರದರ್ಶಕದಿಂದ ಶುರುಮಾಡಿ, ಆಮೇಲೆ ಟೋಕಿಯೊದ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ನಾಲ್ಕು ದಶಕ ಮುಂದುವರಿಸಿ, ಹತ್ತು ಸಾವಿರಕ್ಕೂ ಹೆಚ್ಚು ಚಿತ್ರ ಬರೆದರು. ನಾಲ್ಕು ಶತಮಾನಗಳ ಸೌರಕಲೆ ದಾಖಲೆಯನ್ನು ಇತ್ತೀಚೆಗೆ ವಿಜ್ಞಾನಿಗಳು ಮತ್ತೆ ಹೊಂದಿಸಿ ಕಟ್ಟಿದಾಗ, ಇಪ್ಪತ್ತನೆಯ ಶತಮಾನಕ್ಕೆ ಬೆನ್ನೆಲುಬಾಗಿ ಆರಿಸಿಕೊಂಡದ್ದು ಅವರ ಲೆಕ್ಕವನ್ನು.

ಈ ದಾಖಲೆಯಲ್ಲಿ ಎರಡು ಬಗೆಯ ಖಾಲಿ ದಿನಗಳಿವೆ. ನೋಡಿದೆ, ಒಂದೂ ಕಲೆ ಇರಲಿಲ್ಲ ಎಂಬುದು ಒಂದು. ನೋಡಲಾಗಲಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸೊನ್ನೆ ಬರೆಯಬೇಕು, ಎರಡನೆಯದಕ್ಕೆ ಏನೂ ಬರೆಯಬಾರದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಚ್ಚಿಕೊಳ್ಳುವ ನಮ್ಮ ಕಡೆ ಇದು ದೊಡ್ಡ ವಿಷಯ. ಹದಿನೇಳನೆಯ ಶತಮಾನದ ಕೆಲವು ವೀಕ್ಷಕರು ‘ಇಷ್ಟು ಕಾಲ ಕಲೆ ಕಾಣಲಿಲ್ಲ’ ಎಂಬ ಅರ್ಥದಲ್ಲಿ ಬರೆದ ಸಾಮಾನ್ಯ ಮಾತನ್ನು ಮುಂದಿನವರು ಪ್ರತಿ ದಿನದ ಸೊನ್ನೆಯೆಂದು ತುಂಬಿಸಿಕೊಂಡು, ಅದನ್ನು ಸರಿಪಡಿಸಲು ಬಹಳ ಹೆಣಗಬೇಕಾಯಿತು. ಪಟಾನ್‌ಚೆರುವಿನಲ್ಲೇ, 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಮಳೆ, ಬಿಸಿಲು, ಗಾಳಿಯ ದಿನದಿನದ ಲೆಕ್ಕ ಇಡುತ್ತಾರೆ. ಅಂಥ ಲೆಕ್ಕ ಇಟ್ಟವರಿಗೆ ಮಳೆ ಬಾರದ ದಿನಕ್ಕೂ ಮಾಪಕ ನೋಡದ ದಿನಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರತಿ ತಿಂಗಳ ಎಣಿಕೆ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿರುವ ಜಾಗತಿಕ ಕೇಂದ್ರಕ್ಕೋ, ಅಮೆರಿಕದ ಹವ್ಯಾಸಿ ವೀಕ್ಷಕರ ಸಂಘವಾದ ಎ.ಎ.ವಿ.ಎಸ್.ಒ.ಗೋ ಹೋಗುತ್ತದೆ. 1981ರ ತನಕ ಜ್ಯೂರಿಕ್‌ನಲ್ಲಿದ್ದ ಕೆಲಸವನ್ನು ಬ್ರಸೆಲ್ಸ್ ವಹಿಸಿಕೊಂಡಿತು. ಅದಕ್ಕೆ ಲೆಕ್ಕ ಕಳಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹವ್ಯಾಸಿಗಳು.

ಸೌರಜ್ವಾಲೆಯದು ಬೇರೆಯೇ ಬಗೆ. ಕಲೆಗಳ ಗುಂಪಿನ ಮೇಲೆ ತಿರುಚಿಕೊಂಡ ಕಾಂತಕ್ಷೇತ್ರ ಒಮ್ಮೆಲೇ ಸಡಿಲಿ ಶಕ್ತಿ ಸಿಡಿಯುವುದೇ ಜ್ವಾಲೆ. ಸಾಮಾನ್ಯ ಬೆಳಕಿನಲ್ಲಿ ಅದು ಕಾಣುವುದು ಅತಿ ಅಪರೂಪ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂದಿನಂತೆ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಗುಂಪಿನ ಮೇಲೆ ಎರಡು ಬಿಳಿ ಬೆಳಕು ಹೊಳೆದವು. ಸಾಕ್ಷಿಗೆ ಯಾರನ್ನಾದರೂ ಕರೆಯಲೆಂದು ಓಡಿದವರು ಒಂದು ನಿಮಿಷದೊಳಗೆ ಮರಳುವಷ್ಟರಲ್ಲಿ ಅವು ಮಂಕಾಗಿದ್ದವು. ಅದೃಷ್ಟಕ್ಕೆ ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬ ಹವ್ಯಾಸಿಯೂ ಬೇರೆ ಕಡೆಯಿಂದ ಅದನ್ನೇ ಕಂಡಿದ್ದರು. ಮರುದಿನ ಭೂಮಿಗೆ ಕಾಂತೀಯ ಬಿರುಗಾಳಿ ಅಪ್ಪಳಿಸಿತು. ಮುಂಬೈಯ ಕೊಲಾಬಾ ವೀಕ್ಷಣಾಲಯದ ಮಾಪಕಗಳು ಅದನ್ನು ದಾಖಲಿಸಿದ್ದು ಇಂದಿಗೂ ಆ ಘಟನೆಯ ಮುಖ್ಯ ಪುರಾವೆ.

ಇವತ್ತಿನ ಹವ್ಯಾಸಿ ಜ್ವಾಲೆಯನ್ನು ನೋಡುವುದಕ್ಕಿಂತ ಕೇಳುತ್ತಾನೆ ಎನ್ನಬೇಕು. ತಮಿಳುನಾಡಿನ ತಿರುನಲ್ವೇಲಿ ಹತ್ತಿರದ ವಿಜಯನಾರಾಯಣಂನಲ್ಲಿ ನೌಕಾಪಡೆಯ ಪ್ರಸಾರ ಕೇಂದ್ರವಿದೆ. ಸಮುದ್ರದಡಿಯ ಜಲಾಂತರ್ಗಾಮಿಗಳಿಗೆ ಸಂದೇಶ ಮುಟ್ಟಿಸಲು ಅದು 18.2 ಕಿಲೋಹರ್ಟ್ಸ್‌ನ ಅತಿ ಕಡಿಮೆ ಕಂಪನದ ರೇಡಿಯೋ ಅಲೆ ಬಿಡುತ್ತದೆ. ಸಂದೇಶ ನಮಗೆ ತಿಳಿಯುವುದೂ ಇಲ್ಲ, ಬೇಕಾಗಿಯೂ ಇಲ್ಲ. ಬೇಕಾದದ್ದು ಅಲೆಯ ಬಲ ಮಾತ್ರ. ನೆಲ ಮತ್ತು ವಾತಾವರಣದ ಮೇಲ್ಪದರವಾದ ಅಯಾನುಗೋಳದ ಕೆಳ ಅಂಚಿನ ನಡುವೆ ಸಾಗಿ ಅದು ಸುಮಾರು 1,000 ಕಿಲೋಮೀಟರ್ ಉತ್ತರದ ಪಟಾನ್‌ಚೆರುವಿಗೆ ಬರುತ್ತದೆ. ಸೂರ್ಯನಲ್ಲಿ ಜ್ವಾಲೆ ಸಿಡಿದರೆ ಅದರ ಎಕ್ಸ್ ಕಿರಣಗಳು ಎಂಟು ನಿಮಿಷ ಇಪ್ಪತ್ತು ಸೆಕೆಂಡುಗಳಲ್ಲಿ ಇಲ್ಲಿಗೆ ತಲುಪಿ ಆ ಅಂಚಿನಲ್ಲಿ ಅಯಾನುಗಳನ್ನು ಹೆಚ್ಚಿಸುತ್ತವೆ. ಅಲೆಯ ಬಲ ತಟ್ಟನೆ ಬದಲಾಗುತ್ತದೆ, ಆಮೇಲೆ ನಿಧಾನವಾಗಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಕಂಪ್ಯೂಟರ್ ಪರದೆಯ ಮೇಲಿನ ಗೆರೆಗೆ ಷಾರ್ಕ್ ಮೀನಿನ ಬೆನ್ನುರೆಕ್ಕೆಯ ಆಕಾರ.

ಉಪಕರಣ ಬಹಳ ಸರಳ. ಒಂದು ಮೀಟರ್ ಅಗಲದ ಮರದ ಚೌಕಟ್ಟಿಗೆ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುವ ತಾಮ್ರದ ತಂತಿಯನ್ನು ಹತ್ತಾರು ಸುತ್ತು ಸುತ್ತಿದರೆ ಆಂಟೆನಾ ಆಯಿತು. ಸಣ್ಣದೊಂದು ಆಂಪ್ಲಿಫೈಯರ್ ಮೂಲಕ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಕೊಟ್ಟರೆ, ಸೆಕೆಂಡಿಗೆ 48,000 ಸಲ ಅಳೆಯುವ ಕಾರ್ಡು 24 ಕಿಲೋಹರ್ಟ್ಸ್‌ವರೆಗಿನ ಅಲೆಯನ್ನು ಹಿಡಿಯುತ್ತದೆ. ಚೌಕಟ್ಟಿನ ಅಂಚು ದಕ್ಷಿಣೋತ್ತರವಾಗಿ ನಿಲ್ಲಬೇಕು. ಕಷ್ಟವೆಲ್ಲ ಗದ್ದಲದ್ದು. ಅಕ್ಕಪಕ್ಕದ ಇನ್ವರ್ಟರು, ಎಲ್‌ಇಡಿ ಬಲ್ಬಿನ ಅಡಾಪ್ಟರು, ಬೋರ್‌ವೆಲ್ ಮೋಟಾರು, ಕಾರ್ಖಾನೆಯ ಯಂತ್ರ ಎಲ್ಲವೂ ಇದೇ ಕಂಪನಗಳಲ್ಲಿ ಚೀರುತ್ತವೆ. ಚೌಕಟ್ಟನ್ನು ಹಗುರಾಗಿ ತಿರುಗಿಸುತ್ತ, ಗದ್ದಲ ಕುಗ್ಗಿ ಕೇಂದ್ರದ ಅಲೆ ಉಳಿಯುವ ಕೋನವನ್ನು ಹುಡುಕುತ್ತಾರೆ. ತಾಳ್ಮೆ ಇದ್ದವರಿಗೆ ಅದು ಸಿಗುತ್ತದೆ. ಗೆರೆಯ ಪ್ರತಿ ಕುಣಿತವೂ ಜ್ವಾಲೆಯಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು ಮಿಂಚು ಮೊನಚು ಮೊನಚಾದ ಗೀರು ಬಿಡುತ್ತದೆ. ಪ್ರಸಾರ ನಿಂತರೆ ಗೆರೆ ಪಾತಾಳಕ್ಕೆ ಬೀಳುತ್ತದೆ. ಸೂರ್ಯೋದಯ, ಸೂರ್ಯಾಸ್ತಗಳಿಗೆ ತಮ್ಮದೇ ಏರಿಳಿತಗಳಿವೆ. ಇವೆಲ್ಲವನ್ನೂ ಮುಖಪರಿಚಯ ಮಾಡಿಕೊಂಡ ಮೇಲಷ್ಟೇ ಜ್ವಾಲೆಯನ್ನು ಖಚಿತವಾಗಿ ಗುರುತಿಸಲು ಬರುತ್ತದೆ.

ಜ್ವಾಲೆಗಳನ್ನು ಬಲಕ್ಕೆ ತಕ್ಕಂತೆ ಎ, ಬಿ, ಸಿ, ಎಂ, ಎಕ್ಸ್ ಎಂದು ವಿಂಗಡಿಸುತ್ತಾರೆ. ಪ್ರತಿ ಮೆಟ್ಟಿಲೂ ಹಿಂದಿನದರ ಹತ್ತು ಪಟ್ಟು. ಈಗಿನ 25ನೆಯ ಸೌರಚಕ್ರ 2019ರ ಡಿಸೆಂಬರಿನಲ್ಲಿ ಆರಂಭವಾಗಿ 2024ರಲ್ಲಿ ಶಿಖರ ಮುಟ್ಟಿತು. ಆ ಮೇ ತಿಂಗಳಲ್ಲಿ 13664 ಎಂಬ ಸಂಖ್ಯೆಯ ಗುಂಪು ಭೂಮಿಯ ಹದಿನೈದು ಪಟ್ಟು ಉದ್ದಕ್ಕೆ ಬೆಳೆಯಿತು. 15 ಸೆಂಟಿಮೀಟರ್ ವೃತ್ತದಲ್ಲಿ ಅದು ಎರಡು ಸೆಂಟಿಮೀಟರ್, ಗ್ರಹಣದ ಕನ್ನಡಕ ಹಾಕಿದರೆ ದೂರದರ್ಶಕವಿಲ್ಲದೆಯೂ ಕಾಣುತ್ತಿತ್ತು. ಅದರ ಸಿಡಿತಗಳಿಂದಲೇ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯ ಆಕಾಶ ಕೆಂಪೇರಿತು. ಅದೇ ಗುಂಪು ಪಶ್ಚಿಮದಂಚಿಗೆ ಸರಿದಾಗ, ಮೇ 14ರಂದು, ಎಕ್ಸ್ 8.7ರ ಜ್ವಾಲೆ ಕಾರಿತು. ಪಟಾನ್‌ಚೆರುವಿನ ಗೆರೆಯಲ್ಲಿ ಅದರ ಸುಳಿವೂ ಇರಲು ಸಾಧ್ಯವಿಲ್ಲ: ಆಗ ನಮಗೆ ರಾತ್ರಿ 10 ಗಂಟೆ 21 ನಿಮಿಷ. ಅಕ್ಟೋಬರ್ 3ರಂದು ಬಂದ ಎಕ್ಸ್ 9 ಇನ್ನೂ ದೊಡ್ಡದು, ಅದರ ತುದಿ ಸಂಜೆ 5 ಗಂಟೆ 48 ನಿಮಿಷಕ್ಕೆ. ಹೈದರಾಬಾದಿನಲ್ಲಿ ಸೂರ್ಯ ಮುಳುಗಲು ಕಾಲು ಗಂಟೆಯಷ್ಟೇ ಬಾಕಿ. ಪೂರ್ವದವರಿಗೆ ತಪ್ಪಿದ್ದು ನಮಗೆ, ನಮಗೆ ತಪ್ಪಿದ್ದು ಪಶ್ಚಿಮದವರಿಗೆ ಸಿಗಬೇಕಾದರೆ ಪ್ರತಿ ರೇಖಾಂಶದಲ್ಲೂ ಒಂದು ಚೌಕಟ್ಟು ನಿಂತಿರಬೇಕು.

2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆ ರಾತ್ರಿ ಹಗಲೆನ್ನದೆ ಸೂರ್ಯನನ್ನು ನೋಡುತ್ತಿರುವಾಗ, ಗೌರಿಬಿದನೂರಿನ ಆಂಟೆನಾಗಳು ಸೂರ್ಯನ ರೇಡಿಯೋ ಅಲೆಗಳನ್ನು ಆಲಿಸುತ್ತಿರುವಾಗ, ಪೆನ್ಸಿಲು ಕಾಗದದ ಲೆಕ್ಕ ಯಾಕೆ ಎಂದು ಕೇಳುವವರಿದ್ದಾರೆ. ನೌಕೆಗೆ ಆಯುಷ್ಯ ಇಷ್ಟೇ ಎಂದಿರುತ್ತದೆ, ಮುಂದಿನ ನೌಕೆಯ ಉಪಕರಣ ಬೇರೆ ಇರುತ್ತದೆ. 1700ರ ಸುಮಾರಿನಿಂದ ಇಂದಿನ ತನಕ ಸೂರ್ಯ ಹೇಗೆ ನಡೆದುಕೊಂಡಿದ್ದಾನೆ ಎಂದು ಒಂದೇ ಅಳತೆಯಲ್ಲಿ ಹೇಳಬಲ್ಲ ಸರಣಿ ಇದೊಂದೇ. ಅದು ಸಣ್ಣ ದೂರದರ್ಶಕ ಮತ್ತು ಮನುಷ್ಯನ ಕಣ್ಣಿನಿಂದ ಶುರುವಾದದ್ದು. ಅದರ ಅಳತೆ ಕೆಡದಿರಬೇಕಾದರೆ ಅದೇ ಬಗೆಯ ಕಣ್ಣುಗಳು ಮುಂದೆಯೂ ಎಣಿಸುತ್ತಿರಬೇಕು.

ಶುರುಮಾಡುವವರಿಗೆ ಶಿಖರ ದಾಟಿದ ಈ ವರ್ಷಗಳು ಒಳ್ಳೆಯ ಕಾಲ. ಗುಂಪುಗಳು ಇನ್ನೂ ಸಾಕಷ್ಟಿವೆ, ಆದರೆ ಗೊಂದಲ ಹುಟ್ಟಿಸುವಷ್ಟಿಲ್ಲ. ಇಳಿಯುವ ಚಕ್ರದಲ್ಲಿ ಕಲೆಗಳು ಮೆಲ್ಲಗೆ ಸೂರ್ಯನ ಸಮಭಾಜಕದ ಕಡೆಗೆ ಸರಿಯುತ್ತ ಬರುತ್ತವೆ. ದಿಕ್ಕು ಸರಿಯಾಗಿ ಗುರುತಿಸಿದ ಚಿತ್ರಗಳು ಕೈಯಲ್ಲಿದ್ದರೆ ಆ ಸರಿಯುವಿಕೆಯನ್ನು ಸ್ವಂತ ಕಾಗದಗಳಲ್ಲೇ ಅಳೆಯಬಹುದು. ಒಂದು ದಿನ ಎತ್ತರದ ಅಕ್ಷಾಂಶದಲ್ಲಿ, ಕಾಂತಧ್ರುವಗಳು ಅದಲುಬದಲಾದ ಪುಟ್ಟ ಗುಂಪೊಂದು ಕಾಣಿಸಿಕೊಳ್ಳುತ್ತದೆ. ಧ್ರುವ ಯಾವುದೆಂದು ತಿಳಿಯಲು ನೌಕೆಯ ಕಾಂತಚಿತ್ರ ಬೇಕು, ಅಕ್ಷಾಂಶ ಎಷ್ಟೆಂದು ತಿಳಿಯಲು ನಿಮ್ಮ ಪೆನ್ಸಿಲು ಸಾಕು. ಅದು 26ನೆಯ ಚಕ್ರದ ಕಲೆ. ಹಳೆಯ ಚಕ್ರದ ಕೊನೆಯ ಕಲೆಗಳೂ ಹೊಸ ಚಕ್ರದ ಮೊದಲ ಕಲೆಗಳೂ ಕೆಲವು ಕಾಲ ಒಂದೇ ಬಿಂಬದ ಮೇಲೆ, ಹಳೆಯವು ಸಮಭಾಜಕದ ಹತ್ತಿರ, ಹೊಸವು ದೂರದಲ್ಲಿ, ಜೊತೆಯಾಗಿ ಇರುತ್ತವೆ.